ಮೂವತ್ತಾರು ಬಿಂಬಗಳ ಲೆಕ್ಕ

ಗೃಹಸ್ಥನ ಬಾಹ್ಯ ಪರಿಗ್ರಹಗಳನ್ನು ನಮ್ಮ ಆಚಾರ್ಯರು ಹತ್ತು ಬಗೆಯಾಗಿ ಎಣಿಸಿದ್ದಾರೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಮಿತಿಯನ್ನು ತಾನೇ ಗೊತ್ತುಪಡಿಸಿಕೊಂಡು ಅದರಾಚೆಗೆ ಆಶೆಪಡದೆ ಇರತಕ್ಕದ್ದು. ಹಾಸನದ ಬೆಳ್ಳಿ ವರ್ತಕರೊಬ್ಬರು ತಮ್ಮ ತಂದೆಯವರು ತೀರಿಕೊಂಡ 1990ರಲ್ಲಿ ಈ ವ್ರತವನ್ನು ಹಿಡಿದಿದ್ದರು. ವಾಣಿಜ್ಯ ಪದವೀಧರರಾದುದರಿಂದಲೋ ಏನೋ, ವ್ರತಕ್ಕಾಗಿ ಒಂದು ಪ್ರತ್ಯೇಕ ಖಾತೆ ಪುಸ್ತಕವನ್ನೇ ಇಟ್ಟಿದ್ದರು. 1993ರ ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಿಂದ ಒಂದು ಪುಟ್ಟ ಕ್ಯಾಮೆರಾ ಕೊಂಡು ತಂದಾಗ ಅದನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೆಂಬ ಪ್ರಶ್ನೆ ಎದುರಾಯಿತು. ಬಹಳ ಹೊತ್ತು ವಿಚಾರಿಸಿ ‘ಭಾಂಡ’ ಎಂಬ ಪುಟದಲ್ಲಿ, ಸ್ಟೀಲಿನ ಕೊಳಗ ಮತ್ತು ಇಸ್ತ್ರಿಪೆಟ್ಟಿಗೆಗಳ ನಂತರ, ‘ಕ್ಯಾಮೆರಾ ಒಂದು’ ಎಂದು ಬರೆದರು.

ಅದು ಯಾಷಿಕಾ ಎಂ.ಎಫ್.-2. ಆ ವರ್ಷಗಳಲ್ಲಿ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಕಾಣಸಿಗುತ್ತಿದ್ದ ಯಂತ್ರ. ಕಪ್ಪು ಪ್ಲಾಸ್ಟಿಕ್ಕಿನ ಮೈ, 38 ಮಿ.ಮೀ. ಮಸೂರ, ಎರಡು ಪೆನ್‌ಸೆಲ್ಲುಗಳಿಂದ ನಡೆಯುವ ಫ್ಲಾಶು. ದೂರವನ್ನು ಅಳೆದು ಮಸೂರವನ್ನು ತಿರುಗಿಸುವ ಕೆಲಸವಿಲ್ಲ. ಕೆಲವಡಿಗಳಾಚೆ ಇರುವುದೆಲ್ಲವೂ ಒಂದೇ ಸಮನಾಗಿ ಸ್ಪಷ್ಟವಾಗಿ ಮೂಡುವಂತೆ ತಯಾರಕರೇ ಅದನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಗುಂಡಿ ಒತ್ತಿದರೆ ಚಿತ್ರ. ವಿದ್ಯೆ ಬೇಕಿಲ್ಲ, ಅಭ್ಯಾಸ ಬೇಕಿಲ್ಲ. ಛಾಯಾಗ್ರಹಣವೆಂಬುದು ಸ್ಟುಡಿಯೋದವರ ಗುಟ್ಟಾಗಿದ್ದ ಕಾಲ ಮುಗಿದು ಅದು ಅಂಗಡಿಯವನ, ಅಧ್ಯಾಪಕನ, ಗೃಹಿಣಿಯ ಕೈಗೆ ಬಂದದ್ದು ಇಂಥ ಯಂತ್ರಗಳಿಂದಲೇ.

ಕೊಳ್ಳುವುದಕ್ಕೆ ಎರಡು ಕಾರಣಗಳಿದ್ದವು. ಒಂದು, 1993ರ ಡಿಸೆಂಬರ್ 19ರಂದು ಶ್ರವಣಬೆಳಗೊಳದಲ್ಲಿ ನಡೆಯಲಿದ್ದ ಮಹಾಮಸ್ತಕಾಭಿಷೇಕ. ಇನ್ನೊಂದನ್ನು ಅವರು ಯಾರೊಡನೆಯೂ ಆಡಿರಲಿಲ್ಲ. 1981ರ ಸಹಸ್ರಾಬ್ದಿ ಮಸ್ತಕಾಭಿಷೇಕಕ್ಕೆ ತಂದೆಯವರೊಡನೆ ಹೋಗಿದ್ದಾಗ ಅವರಿಗೆ ಇಪ್ಪತ್ತಮೂರು ವರ್ಷ. ವಿಂಧ್ಯಗಿರಿಯ ಮೆಟ್ಟಿಲುಗಳ ಮೇಲೆ, ಬಿಳಿ ಪಂಚೆಯುಟ್ಟು, ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಬೆಟ್ಟದ ನೆತ್ತಿಯ ಕಡೆ ನೋಡುತ್ತ ನಿಂತಿದ್ದ ತಂದೆಯ ರೂಪ ಅವರ ಮನಸ್ಸಿನಲ್ಲಿ ಇತ್ತೇ ಹೊರತು ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಬ್ಯಾಂಕಿನ ಅರ್ಜಿಗಾಗಿ ತೆಗೆಸಿದ್ದ ಅಂಚೆಚೀಟಿಯಷ್ಟರ ಒಂದೇ ಭಾವಚಿತ್ರ. ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸಿದಾಗ ಮುಖವೆಲ್ಲ ಮಸುಕಾಗಿ ಯಾರೋ ಅಪರಿಚಿತರಂತೆ ತೋರಿತು. ಇಂಥ ನಷ್ಟ ಮತ್ತೊಮ್ಮೆ ಆಗಬಾರದೆಂದು ಕ್ಯಾಮೆರಾ ಬಂದಿತು. ಮೂರ್ಛೆಯೇ ಪರಿಗ್ರಹವೆಂದು ತತ್ತ್ವಾರ್ಥಸೂತ್ರವು ಹೇಳುವುದನ್ನು ಅವರು ಎಷ್ಟೋ ಸಭೆಗಳಲ್ಲಿ ವಿವರಿಸಿದವರು. ಆದರೂ ಈ ಕೊಳ್ಳುವಿಕೆಯ ಒಳಗಿದ್ದ ಮೂರ್ಛೆಯು ಅವರಿಗೆ ಆಗ ಕಾಣಲಿಲ್ಲ.

ಮಸ್ತಕಾಭಿಷೇಕದ ದಿನ ಒಂದು ರೀಲು ಪೂರ್ತಿ ಮುಗಿಯಿತು. 57 ಅಡಿಗೂ ಮಿಕ್ಕ ಎತ್ತರದ ಗೊಮ್ಮಟೇಶ್ವರನ ಶಿರಸ್ಸಿನ ಮೇಲಿಂದ ಹಾಲು, ಅರಿಶಿನ, ಚಂದನಗಳ ಧಾರೆ ಇಳಿಯುತ್ತಿರಲು, ನೆರೆದವರಲ್ಲಿ ಎಷ್ಟೋ ಮಂದಿ ಕಣ್ಣಿಗೆ ಕ್ಯಾಮೆರಾ ಹಚ್ಚಿದ್ದರು. ಸಂಜೆ ಕತ್ತಲಾವರಿಸಿದ ಮೇಲೂ ಕೆಳಗಿನಿಂದ ಫ್ಲಾಶುಗಳು ಮಿನುಗುತ್ತಲೇ ಇದ್ದವು. ಹತ್ತು ಹನ್ನೆರಡು ಅಡಿಗಳಾಚೆಗೆ ತಲುಪದ ಆ ಬೆಳಕನ್ನು ಬೆಟ್ಟದಂಥ ಮೂರ್ತಿಯತ್ತ ಎಸೆಯುವುದರಲ್ಲಿ ಒಂದು ಬಗೆಯ ಮುಗ್ಧತೆಯಿತ್ತು ಎನ್ನಬೇಕು. ತೊಳೆಸಿ ತಂದಾಗ ಮೂವತ್ತಾರರಲ್ಲಿ ಹನ್ನೊಂದು ಮಾತ್ರ ನೋಡಲು ಯೋಗ್ಯವಾಗಿದ್ದವು. ಮುಂದಿನವರ ತಲೆ, ಕೊಡೆಯ ಅಂಚು, ಒಂದರಲ್ಲಿ ತಮ್ಮದೇ ಹೆಬ್ಬೆರಳು. ಖಾತೆ ಪುಸ್ತಕದಲ್ಲಿ ಹೀಗೆ ಬರೆಯಲಾಯಿತು: ‘ಸುರುಳಿ 1, ಬಿಂಬ 36, ಉಪಯೋಗ 11.’

ಮುಂದಿನ ನಾಲ್ಕು ವರ್ಷ ಕ್ಯಾಮೆರಾ ಚೆನ್ನಾಗಿಯೇ ದುಡಿಯಿತು. ಊರಿನ ಬಸದಿಯ ಆಡಳಿತ ಮಂಡಳಿಯವರು ಇವರನ್ನು ಒಂದು ಕಾರ್ಯಕ್ಕೆ ಕರೆದರು. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಮೀರಿದ ಮೂರ್ತಿಗಳನ್ನು ನೋಂದಾಯಿಸುವಾಗ ಅವುಗಳ ಛಾಯಾಚಿತ್ರಗಳನ್ನೂ ಒದಗಿಸಬೇಕು. ಬಸದಿಯ ಪಂಚಲೋಹದ ಜಿನಬಿಂಬಗಳು ಕೆಲವು ನೋಂದಣಿಯಾಗದೆ ಉಳಿದಿದ್ದವು. ಇವರು ಪ್ರತಿಯೊಂದು ಬಿಂಬದ ಎದುರು ಕುಳಿತು ಚಿತ್ರ ತೆಗೆದರು. ಪ್ರತಿಗಳು ಬಂದಾಗ ನೋಡಿದರೆ ಪ್ರತಿಯೊಂದು ತೀರ್ಥಂಕರ ಬಿಂಬದ ಮುಕ್ಕೊಡೆಯೂ ಕತ್ತರಿಸಿಹೋಗಿತ್ತು! ಮಂಡಳಿಯ ಹಿರಿಯರೊಬ್ಬರು ಇದನ್ನು ಅಪಶಕುನವೆಂದೇ ಎಣಿಸಿದರು. ನಿಜದಲ್ಲಿ ಆದದ್ದಿಷ್ಟೆ: ಇಂಥ ಕ್ಯಾಮೆರಾದಲ್ಲಿ ಕಣ್ಣು ನೋಡುವ ಕಿಂಡಿ ಬೇರೆ, ಬೆಳಕು ಒಳಹೋಗುವ ಮಸೂರ ಬೇರೆ. ದೂರದ ದೃಶ್ಯದಲ್ಲಿ ಈ ಅಂತರ ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರ ಹೋದಷ್ಟೂ ಕಣ್ಣು ಕಂಡದ್ದಕ್ಕೂ ಮಸೂರ ಕಂಡದ್ದಕ್ಕೂ ಭೇದ ಹೆಚ್ಚುತ್ತದೆ. ನೋಡುವವನಿಗೆ ಮಾತ್ರ ತಾನು ಪೂರ್ಣವಾಗಿ ನೋಡಿದೆನೆಂದೇ ನಂಬಿಕೆ. ಎರಡನೆಯ ಸಲ ನಾಲ್ಕಡಿ ಹಿಂದೆ ಸರಿದು, ಮೇಲೆ ಜಾಗ ಬಿಟ್ಟು ತೆಗೆದ ಚಿತ್ರಗಳು ಸರಿಯಾಗಿ ಬಂದು ಅರ್ಜಿಯೊಡನೆ ಹೋದವು.

ಈ ಪ್ರಸಂಗದಲ್ಲಿಯೇ ಇನ್ನೊಂದು ಸಂಗತಿಯುಂಟು. ಕ್ಯಾಮೆರಾದೊಡನೆ ಬಂದದ್ದು ತೊಗಲಿನ ಚೀಲ. ಬಸದಿಯ ಒಳಗೆ ತೊಗಲಿನ ವಸ್ತುವನ್ನು ಒಯ್ಯುವಂತಿಲ್ಲವಾದ್ದರಿಂದ ಸೊಂಟದ ಪಟ್ಟಿ, ಹಣದ ಚೀಲಗಳೊಡನೆ ಅದನ್ನೂ ಹೊರಗಿನ ಜಗಲಿಯ ಮೇಲಿಟ್ಟು ಬರಿಯ ಕ್ಯಾಮೆರಾವನ್ನು ಒಳಗೆ ಕೊಂಡುಹೋಗಿದ್ದರು. ಮನೆಗೆ ಬಂದ ಮೇಲೆ ಆ ಚೀಲವನ್ನೇ ತೊರೆದು, ಪತ್ನಿಯಿಂದ ಹತ್ತಿಯ ಬಟ್ಟೆಯ ಚೀಲವೊಂದನ್ನು ಹೊಲಿಸಿಕೊಂಡರು. ತಮ್ಮ ಎಚ್ಚರಿಕೆಯ ಬಗ್ಗೆ ಅವರಿಗೆ ಆಗ ಸಮಾಧಾನವಿತ್ತು.

1997ರ ಬೇಸಗೆಯಲ್ಲಿ ಅಕ್ಕನ ಮಗಳು ಮನೆಗೆ ಬಂದಿದ್ದಳು. ಔಷಧ ವಿಜ್ಞಾನದ ಪದವಿಗೆ ಓದುತ್ತಿದ್ದವಳು. ಇವರಿಗೆ ಜ್ವರ ಬಂದು ವೈದ್ಯರು ಕ್ಯಾಪ್ಸೂಲು ಬರೆದಿದ್ದರು. ಎಂದಿನಂತೆ ಇವರು ಕೋಶವನ್ನು ಬಿಡಿಸಿ, ಪುಡಿಯನ್ನು ಮಾತ್ರ ನೀರಿಗೆ ಹಾಕಿ ಕುಡಿದು ಕೋಶವನ್ನು ಎಸೆದರು. ಹುಡುಗಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, ಮೇಜಿನ ಮೇಲೆ ಒಣಗಲು ಹರಡಿದಂತೆ ಬಿದ್ದಿದ್ದ ನೆಗೆಟಿವ್ ಪಟ್ಟಿಗಳನ್ನು ಕೈಗೆತ್ತಿಕೊಂಡು, “ಮಾವ, ಇದೂ ಅದೇ ಅಲ್ಲವೇ?” ಎಂದಳು.

ಅದೇ ಆಗಿತ್ತು. ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ, ಏಕೆಂದರೆ ನಮ್ಮ ಮನೆಗಳಲ್ಲಿ ಮೂರು ನಾಲ್ಕು ತಲೆಮಾರುಗಳ ಆಲ್ಬಂಗಳಿವೆ, ಮತ್ತು ಈ ಮಾತು ಬಲ್ಲವರು ವಿರಳ. ಛಾಯಾಚಿತ್ರದ ಸುರುಳಿಯೆಂದರೆ ಪಾರದರ್ಶಕ ಪಟ್ಟಿಯೊಂದರ ಮೇಲೆ ಹಚ್ಚಿದ, ಕೂದಲೆಳೆಗಿಂತ ತೆಳುವಾದ ಒಂದು ಲೇಪ. ಆ ಲೇಪದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು ಹುದುಗಿರುತ್ತವೆ. ಬೆಳಕು ತಾಗಿದಾಗ ಮಾರ್ಪಡುವವು ಅವೇ. ಆದರೆ ಹರಳುಗಳನ್ನು ಒಂದಕ್ಕೊಂದು ಅಂಟದಂತೆ, ಚದರದಂತೆ ಹಿಡಿದಿಟ್ಟುಕೊಂಡಿರುವ ಅಂಟು ಜೆಲಟಿನ್. ಅದನ್ನು ತಯಾರಿಸುವುದು ದನಗಳ ಮೂಳೆ ಮತ್ತು ಚರ್ಮಗಳಿಂದ, ಹಂದಿಯ ಚರ್ಮದಿಂದಲೂ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ 1871ರಲ್ಲಿ ಈ ಬಗೆಯನ್ನು ಪ್ರಕಟಿಸಿದ ಮೇಲೆ ಛಾಯಾಗ್ರಹಣದ ಉದ್ಯಮವೆಲ್ಲವೂ ಅದರ ಮೇಲೆಯೇ ನಿಂತಿತು. ಜೆಲಟಿನ್ನಿನ ಗುಣ ಅಂಥದ್ದು. ತಣ್ಣೀರಿನಲ್ಲಿ ಕರಗದೆ ಉಬ್ಬಿ, ತೊಳೆಯುವ ರಾಸಾಯನಿಕಗಳನ್ನು ಒಳಗೆ ಬಿಟ್ಟುಕೊಂಡು, ಒಣಗಿದಾಗ ಮತ್ತೆ ಮೊದಲಿನಂತೆ ಬಿಗಿಯುತ್ತದೆ. ಸಸ್ಯಜನ್ಯವಾದ ಅಂಟುಗಳನ್ನು ಪ್ರಯೋಗಿಸಿ ನೋಡಿದವರುಂಟು. ಈ ಸ್ಥಾನವನ್ನು ಪೂರ್ಣವಾಗಿ ತುಂಬಬಲ್ಲದ್ದು ಈವರೆಗೂ ಬಳಕೆಗೆ ಬಂದಿಲ್ಲ. ಪ್ರತಿ ತೆಗೆಯುವ ಕಾಗದದ ಮೇಲೂ ಇದೇ ಲೇಪ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾಗಿದ್ದ ನಮ್ಮ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಸುರುಳಿಯಾಗಲಿ, ಅಮೆರಿಕದ್ದಾಗಲಿ, ಜಪಾನಿನದ್ದಾಗಲಿ ಈ ವಿಷಯದಲ್ಲಿ ಭೇದವಿರಲಿಲ್ಲ.

ಹಿಂದಿನ ಕಾಲ ನಿರ್ದೋಷವಾಗಿತ್ತೆಂದೂ ಭಾವಿಸಬೇಕಾಗಿಲ್ಲ. ಮ್ಯಾಡಾಕ್ಸನಿಗಿಂತ ಮುಂಚೆ ಗಾಜಿನ ಮೇಲೆ ಹಚ್ಚುತ್ತಿದ್ದ ಕೊಲೋಡಿಯನ್ ಎಂಬ ದ್ರವ ಹತ್ತಿಯಿಂದ ಆದದ್ದು ನಿಜ. ಆದರೆ ಪ್ರತಿ ತೆಗೆಯುತ್ತಿದ್ದ ಕಾಗದಕ್ಕೆ ಹಚ್ಚುತ್ತಿದ್ದುದು ಕೋಳಿಮೊಟ್ಟೆಯ ಬಿಳಿಯ ಭಾಗ. ಭಾರತದ ಪ್ರಸಿದ್ಧ ಛಾಯಾಗ್ರಾಹಕರಲ್ಲಿ ಅಗ್ರಗಣ್ಯರಾದ, ಹೈದರಾಬಾದಿನ ನಿಜಾಮರ ಆಸ್ಥಾನದ ರಾಜಾ ದೀನ್ ದಯಾಳ್ 1844ರಲ್ಲಿ ಮೀರತ್ತಿನ ಬಳಿಯ ಸರ್ಧಾನದಲ್ಲಿ ಜೈನ ರತ್ನವರ್ತಕರ ಮನೆತನದಲ್ಲಿ ಹುಟ್ಟಿದವರು. ಅವರ ಚಿತ್ರಗಳೂ ಮೊಟ್ಟೆಯ ಲೋಳೆ ಹಚ್ಚಿದ ಕಾಗದದ ಮೇಲೆ ಮೂಡಿದಂಥವೇ.

ಹಾಸನದ ವರ್ತಕರಿಗೆ ಈ ವಿಷಯ ಅಷ್ಟು ತೀವ್ರವಾಗಿ ತಾಗಿದ್ದಕ್ಕೆ ಅವರ ಕಸುಬೂ ಕಾರಣ. ಬೆಳ್ಳಿಯ ವರಖನ್ನು ದನದ ತೊಗಲಿನ ಹಾಳೆಗಳ ನಡುವೆ ಇಟ್ಟು ಬಡಿಯುತ್ತಾರೆಂದು ತಿಳಿದ ದಿನವೇ ಅಂಗಡಿಯಲ್ಲಿ ವರಖಿನ ಮಾರಾಟ ನಿಲ್ಲಿಸಿದವರು ಅವರು. ಛಾಯಾಚಿತ್ರದ ಸುರುಳಿಯಲ್ಲಿ ಬೆಳ್ಳಿಯಿದೆಯೆಂಬುದೂ ಅವರಿಗೆ ಗೊತ್ತಿತ್ತು. ಸ್ಟುಡಿಯೋಗಳಲ್ಲಿ ಬಳಸಿ ಬಿಟ್ಟ ಹೈಪೋ ದ್ರವದಿಂದ ಬೆಳ್ಳಿ ತೆಗೆಯುವವರು ಅವರ ಅಂಗಡಿಗೂ ಬರುತ್ತಿದ್ದರು. ಬೆಳ್ಳಿಯನ್ನು ಬಲ್ಲವರಿಗೆ ಬೆಳ್ಳಿಯನ್ನು ಹಿಡಿದಿಟ್ಟ ಅಂಟು ಯಾವುದೆಂದು ಕೇಳಬೇಕೆಂದು ತೋರಿರಲಿಲ್ಲ. ಹುಡುಗಿ ಇನ್ನೊಂದು ಮಾತು ಹೇಳಿದಳು: ಬಣ್ಣದ ಸುರುಳಿಯನ್ನು ತೊಳೆಯುವಾಗ ಬೆಳ್ಳಿಯೆಲ್ಲವೂ ಹೊರಟುಹೋಗುತ್ತದೆ, ಕೊನೆಗೆ ಉಳಿಯುವುದು ಬಣ್ಣ ಮತ್ತು ಜೆಲಟಿನ್ ಮಾತ್ರ. ತೊಗಲಿನ ಚೀಲವನ್ನು ಜಗಲಿಯ ಮೇಲಿಟ್ಟು ಮೂಳೆಯ ಅಂಟನ್ನು ಗರ್ಭಗೃಹದ ಬಾಗಿಲವರೆಗೆ ಒಯ್ದಿದ್ದೆವೆಂಬುದು ಆಗ ಹೊಳೆಯಿತು.

ಕೊಡಕ್ ಸಂಸ್ಥೆಯ ಸಂಶೋಧನಾಲಯದಲ್ಲಿ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ವಿಜ್ಞಾನಿ 1925ರ ಸುಮಾರಿಗೆ ಕಂಡುಹಿಡಿದ ಒಂದು ಅಂಶವನ್ನು ಆ ಮೇಲೆ ಅವರು ಓದಿದರು. ಕೆಲವು ಜೆಲಟಿನ್ನಿನಿಂದ ಮಾಡಿದ ಲೇಪವು ಬೆಳಕಿಗೆ ಬೇಗನೆ ಸ್ಪಂದಿಸುತ್ತಿತ್ತು, ಕೆಲವು ಸ್ಪಂದಿಸುತ್ತಿರಲಿಲ್ಲ. ಕಾರಣ ಹುಡುಕಿದಾಗ ಜೆಲಟಿನ್ನಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿದ್ದ ಗಂಧಕದ ಸಂಯುಕ್ತ ಕಂಡುಬಂತು, ಸಾಸಿವೆಯ ಎಣ್ಣೆಯಲ್ಲಿರುವಂಥದ್ದು. ದನಗಳು ಮೇದ ಸಾಸಿವೆಯ ಜಾತಿಯ ಗಿಡಗಳಿಂದ ಅದು ಬಂದಿತ್ತು. ಎಂದರೆ, ಯಾವುದೋ ಹಸು ಯಾವುದೋ ಬೆಳಗಿನಲ್ಲಿ ಮೇದ ಸೊಪ್ಪಿನ ಸಾರವು ಅದು ಸತ್ತ ಮೇಲೆಯೂ ಅದರ ಅಂಗಾಂಶದಲ್ಲಿ ಉಳಿದು, ಚಿತ್ರದೊಳಗೆ ಕೆಲಸ ಮಾಡುತ್ತಿತ್ತು. ವಿಜ್ಞಾನಿಗಳಿಗೆ ಇದು ಕುತೂಹಲದ ಕಥೆ. ಆ ವರ್ತಕರಿಗೆ ಕೆಲವು ದಿನ ಆಲ್ಬಂ ತೆರೆಯಲಾಗಲಿಲ್ಲ.

ಸಮಾಧಾನ ಹೇಳುವವರು ಇದ್ದರು. ಚಿತ್ರಕ್ಕಾಗಿ ಯಾರೂ ಹಸುವನ್ನು ಕೊಲ್ಲುವುದಿಲ್ಲ, ಮಾಂಸಕ್ಕಾಗಿ ಕೊಂದದ್ದರ ಮೂಳೆ ಹೇಗೂ ವ್ಯರ್ಥವಾಗುತ್ತದೆ, ಅದನ್ನು ಬಳಸಿದರೆ ನಮಗೇನು ಪಾಪ ಎಂಬುದು ಆ ವಾದ. ಈ ವಾದವನ್ನು ಇಂದಿಗೂ ಕೇಳುತ್ತೇವೆ, ಬೇರೆ ಬೇರೆ ವಸ್ತುಗಳ ವಿಷಯದಲ್ಲಿ. ವರ್ತಕರು ಅದಕ್ಕೆ ಆಗಮವನ್ನು ಎತ್ತಿ ಉತ್ತರಿಸಲಿಲ್ಲ. ಕಾಲೇಜಿನಲ್ಲಿ ಓದಿದ ಪರಿವ್ಯಯ ಲೆಕ್ಕಶಾಸ್ತ್ರವನ್ನು ನೆನೆದರು. ಕಾರ್ಖಾನೆಯೊಂದರ ಉಪೋತ್ಪನ್ನಕ್ಕೆ ಬೆಲೆ ಬಂದರೆ ಆ ಮೊತ್ತವನ್ನು ಮುಖ್ಯ ಉತ್ಪನ್ನದ ವೆಚ್ಚದಲ್ಲಿ ಕಳೆಯಬೇಕೆಂಬುದು ಅಲ್ಲಿಯ ನಿಯಮ. ಎಂದರೆ ಮೂಳೆಗೆ ಕೊಟ್ಟ ಪ್ರತಿ ರೂಪಾಯಿಯೂ ಮಾಂಸದ ವೆಚ್ಚವನ್ನು ಇಳಿಸುತ್ತದೆ, ಕಸಾಯಿಖಾನೆಯ ಲಾಭವನ್ನು ಏರಿಸುತ್ತದೆ. ಕೊಂಡವನ ಹಣ ಅಲ್ಲಿಗೆ ತಲುಪದೆ ಇರುವುದಿಲ್ಲ. ಕೃತ, ಕಾರಿತ, ಅನುಮೋದನಗಳೆಂಬ ಮೂರು ದಾರಿಗಳಲ್ಲಿ ಎರಡನೆಯದೂ ಮೂರನೆಯದೂ ಎಷ್ಟು ಸಣ್ಣ ಕಾಲುದಾರಿಗಳಾಗಿ ಅಂಗಡಿಯ ಮುಂದೆಯೇ ಹಾದುಹೋಗುತ್ತವೆಂಬುದನ್ನು ಯಾವ ವ್ಯಾಪಾರಿಯೂ ಬಲ್ಲ, ಒಪ್ಪುವುದು ಮಾತ್ರ ಕಷ್ಟ.

ಹಾಗಾದರೆ ಕ್ಯಾಮೆರಾವನ್ನು ತೊರೆಯುವುದೆ? ಮನೆಯ ಗೋಡೆಯ ಮೇಲಿನ ತಂದೆಯ ಪಟ? ಅದೇ ವರ್ಷ ತಾಯಿಯವರ ಸೊಂಟದ ಎಲುಬಿನ ಎಕ್ಸ್-ರೇ ತೆಗೆಸಬೇಕಾಗಿ ಬಂತು. ಎಕ್ಸ್-ರೇ ಹಾಳೆಯ ಎರಡೂ ಬದಿಗೆ ಅದೇ ಲೇಪವಿರುತ್ತಿತ್ತು. ಮೂಳೆಯ ಚಿತ್ರವನ್ನು ಮೂಳೆಯ ಅಂಟೇ ಹಿಡಿದು ತೋರಿಸುತ್ತಿತ್ತು. ಅದನ್ನು ಬೇಡವೆನ್ನುವ ಧೈರ್ಯ ಯಾವ ಮಗನಿಗೆ ಬಂದೀತು?

ಆ ವರ್ಷದ ಚಾತುರ್ಮಾಸದಲ್ಲಿ ಸಮೀಪದ ಊರಿನಲ್ಲಿ ಮುನಿಗಳೊಬ್ಬರು ನೆಲೆಸಿದ್ದರು. ವರ್ತಕರು ಹೋಗಿ ತಮ್ಮ ಸಂಶಯವನ್ನು ನಿವೇದಿಸಿದರು. ಮುನಿಗಳು ಬಿಡಿರಿ ಎಂದೂ ಹೇಳಲಿಲ್ಲ, ಇಟ್ಟುಕೊಳ್ಳಿರಿ ಎಂದೂ ಹೇಳಲಿಲ್ಲ. ಎಷ್ಟು ಚಿತ್ರ ತೆಗೆದಿದ್ದೀರಿ ಎಂದು ಕೇಳಿದರು. ಖಾತೆ ಪುಸ್ತಕವಿದ್ದುದರಿಂದ ಉತ್ತರ ಸುಲಭವಾಗಿತ್ತು: ಹತ್ತೊಂಬತ್ತು ಸುರುಳಿ, 684 ಬಿಂಬ. ಅವುಗಳಲ್ಲಿ ಎಷ್ಟನ್ನು ಎರಡನೆಯ ಸಲ ನೋಡಿದಿರಿ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಪೆಟ್ಟಿಗೆಯನ್ನೆಲ್ಲ ತೆರೆದು ಪ್ರಾಮಾಣಿಕವಾಗಿ ಎಣಿಸಿದರು. ಅರುವತ್ತು ದಾಟಲಿಲ್ಲ.

ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯ ಅರ್ಥ ತಮಗೆ ಅಂದು ತಿಳಿಯಿತೆಂದು ಅವರು ಹೇಳುವುದುಂಟು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ಣವಾಗಿ ತಪ್ಪುವುದಿಲ್ಲವೆಂದು ಶಾಸ್ತ್ರವೇ ಒಪ್ಪುತ್ತದೆ. ಆದರೆ ಪ್ರಯೋಜನವಿಲ್ಲದೆ ಮಾಡಿದ ಹಿಂಸೆಗೆ ಅಂಥ ಆಶ್ರಯವಿಲ್ಲ. ಮೂರ್ತಿಗಳ ನೋಂದಣಿಗಾಗಿ ತೆಗೆದ ಬಿಂಬಗಳೂ, ಸುರುಳಿಯನ್ನು ಬೇಗ ಮುಗಿಸಿ ತೊಳೆಯಲು ಕೊಡಬೇಕೆಂಬ ಅವಸರದಲ್ಲಿ ಹಿತ್ತಿಲ ಕರಿಬೇವಿನ ಗಿಡಕ್ಕೆ ಹಿಡಿದು ಒತ್ತಿದ ಕೊನೆಯ ಐದು ಬಿಂಬಗಳೂ ಒಂದೇ ಲೆಕ್ಕಕ್ಕೆ ಸೇರುವವೆ? 1997ರ ದೀಪಾವಳಿಯಂದು, ಹೊಸ ಪುಸ್ತಕದ ಪೂಜೆಯಾದ ಮೇಲೆ, ಇನ್ನು ವರ್ಷಕ್ಕೆ ಒಂದೇ ಸುರುಳಿ, ಪ್ರತಿ ಬಿಂಬಕ್ಕೂ ತಾರೀಖು ಮತ್ತು ಪ್ರಯೋಜನವನ್ನು ಬರೆಯತಕ್ಕದ್ದು ಎಂಬ ನಿಯಮ ತಳೆದರು.

ಆ ಪುಟಗಳನ್ನು ಓದಿದರೆ ನಗೆಯೂ ಬರುತ್ತದೆ, ಮರುಕವೂ ಆಗುತ್ತದೆ. ‘ಬಿಂಬ 4: ಬಸದಿಯ ಮಾಡಿನ ಸೋರಿಕೆ, ದುರಸ್ತಿಯ ಅಂದಾಜಿಗಾಗಿ.’ ‘ಬಿಂಬ 9: ಮಗನ ಶಾಲಾ ಬಹುಮಾನ. ಪ್ರಯೋಜನ: ಅಜ್ಜಿಗೆ ತೋರಿಸಲು.’ ‘ಬಿಂಬ 15: ಪ್ರಯೋಜನವಿಲ್ಲ. ಮಳೆ ನಿಂತ ಮೇಲೆ ಬೀದಿ ಚೆನ್ನಾಗಿತ್ತು.’ ಇದೊಂದನ್ನು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಆ ವರ್ಷದ ಮೂವತ್ತಾರರಲ್ಲಿ ಮೂವತ್ತೊಂದು ಉಪಯೋಗಕ್ಕೆ ಬಂದವೆಂದು ಕೊನೆಯಲ್ಲಿ ಬರೆದಿದೆ. ಎಣಿಸಿ ಒತ್ತುವವನ ಕೈ ನಡುಗುವುದಿಲ್ಲವೆಂದು ತೋರುತ್ತದೆ.

1998ರ ದೀಪಾವಳಿಯಂದು ಎರಡನೆಯ ಸುರುಳಿಯನ್ನು ಕ್ಯಾಮೆರಾಕ್ಕೆ ಹಾಕಲಾಯಿತು. ಮರುವರ್ಷದ ಆಗಸ್ಟ್ ವೇಳೆಗೆ ಅದರಲ್ಲಿ ಇಪ್ಪತ್ತೇಳು ಬಿಂಬಗಳು ಆಗಿದ್ದವು. ಆ ತಿಂಗಳಿನಲ್ಲಿ ಅವರ ತಾಯಿ, ಎಪ್ಪತ್ತಮೂರು ವರ್ಷ ವಯಸ್ಸಿನವರು, ಪ್ರತೀಕಾರವಿಲ್ಲದ ವ್ಯಾಧಿಯಿಂದ ಬಳಲಿ, ಗುರುಗಳ ಅನುಮತಿ ಪಡೆದು, ಎಲ್ಲರಲ್ಲಿಯೂ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸಿ ಸಲ್ಲೇಖನವನ್ನು ಸ್ವೀಕರಿಸಿದರು. ಮೊದಲು ಅನ್ನವನ್ನು ಬಿಟ್ಟರು, ಆಮೇಲೆ ಹಾಲು, ಮಜ್ಜಿಗೆ, ಕೊನೆಗೆ ಬಿಸಿನೀರು. ಕೋಣೆಯ ಗೋಡೆಯ ಮೇಲಿದ್ದ ಪತಿಯ ಪಟವನ್ನು ಅವರೇ ಹೇಳಿ ತೆಗೆಸಿದರು. ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ರತ್ನಕರಂಡಕ ಶ್ರಾವಕಾಚಾರವು ಹೇಳುತ್ತದಷ್ಟೆ: ಬದುಕುವ ಆಶೆ, ಬೇಗ ಸಾಯುವ ಆಶೆ, ಭಯ, ಪ್ರಿಯರ ಸ್ಮರಣೆ, ನಿದಾನ. ಆ ತಾಯಿ ಅಕ್ಷರ ಬಲ್ಲವರಾಗಿರಲಿಲ್ಲ. ಆದರೆ ಈ ಐದನ್ನೂ ಬಲ್ಲವರಾಗಿದ್ದರು. ಮಗ ಆಲ್ಬಂ ತಂದು ಮೊಮ್ಮಗನ ಬಹುಮಾನದ ಚಿತ್ರವನ್ನು ತೋರಿಸಲು ಹೋದಾಗ ಮೃದುವಾಗಿ ಅದನ್ನು ಮಗುಚಿಟ್ಟರು. ‘ಅಜ್ಜಿಗೆ ತೋರಿಸಲು’ ಎಂದು ಪ್ರಯೋಜನ ಬರೆದಿದ್ದ ಬಿಂಬ ಅದು.

ದೂರದ ನೆಂಟರು ಬರಲಾಗದೆ ಪತ್ರ ಬರೆದರು. ಕಡೆಯ ದರ್ಶನದ ಒಂದು ಚಿತ್ರವಾದರೂ ಬೇಕೆಂದರು. ಇದು ಕಾರಣವೆಂದು ಹೇಳಿಕೊಳ್ಳಬಹುದಾಗಿತ್ತು. ಆದರೆ ಖಾತೆ ಪುಸ್ತಕದಲ್ಲಿ ಅವರು ಹಾಗೆ ಬರೆದಿಲ್ಲ. ಹದಿಮೂರನೆಯ ದಿನದ ಸಂಜೆ, ಕೋಣೆಯಲ್ಲಿ ವ್ರತಸ್ಥ ಸ್ತ್ರೀಯೊಬ್ಬರು ಮೆಲುದನಿಯಲ್ಲಿ ಣಮೋಕಾರ ಹೇಳುತ್ತಿದ್ದರು. ತಾಯಿಯ ತುಟಿಗಳು ಅದರೊಡನೆ ಚಲಿಸುತ್ತಿದ್ದವು. ಹೊರಗೆ ಶ್ರಾವಣದ ಮೋಡ. ಮಗ ಬಾಗಿಲಲ್ಲಿ ನಿಂತು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಾಗ ಬೆಳಕು ಸಾಲದೆಂದು ಕಿಂಡಿಯಲ್ಲಿ ಕೆಂಪು ದೀಪ ಹತ್ತಿತು. ಯಂತ್ರವು ಕೂಡ ಒಂದು ಕ್ಷಣ ತಡೆದಂತೆಯೇ ಆಯಿತು. ಅವರು ಫ್ಲಾಶನ್ನು ಎತ್ತಿ, ಅದು ತುಂಬಿಕೊಳ್ಳುವವರೆಗೆ ಕಾದು, ಗುಂಡಿ ಒತ್ತಿದರು.

ತಾಯಿ ಕಣ್ಣು ತೆರೆದರು. ತುಟಿಗಳು ನಿಂತವು. “ಮಿಂಚಿತಲ್ಲ, ಮಾಳಿಗೆಯ ಮೇಲಿನ ಬಟ್ಟೆ ಎತ್ತಿದಿರಾ?” ಎಂದು ಕೇಳಿದರು.

ಹದಿಮೂರು ದಿನಗಳಿಂದ ಒಂದೊಂದಾಗಿ ಬಿಟ್ಟುಕೊಂಡು ಬಂದ ಮನೆಗೆ ಆ ಬೆಳಕು ಅವರನ್ನು ಮತ್ತೆ ಎಳೆದು ತಂದಿತ್ತು. ಪಕ್ಕದಲ್ಲಿದ್ದ ಸ್ತ್ರೀ ಏನನ್ನೂ ಹೇಳದೆ ಮಂತ್ರದ ದನಿಯನ್ನು ಸ್ವಲ್ಪ ಏರಿಸಿದರು. ತಾಯಿಯ ತುಟಿಗಳು ಮರಳಿ ಚಲಿಸಲು ಎಷ್ಟೋ ಹೊತ್ತು ಹಿಡಿಯಿತು. ಇನ್ನೆರಡು ದಿನಗಳ ಮೇಲೆ, ಬೆಳಗಿನ ಜಾವ, ಅವರು ಶಾಂತವಾಗಿ ದೇಹ ಬಿಟ್ಟರು. ಆ ಎರಡು ದಿನಗಳಲ್ಲಿ ಬಟ್ಟೆಯ ಮಾತಾಗಲಿ ಮನೆಯ ಮಾತಾಗಲಿ ಮತ್ತೆ ಬರಲಿಲ್ಲವೆಂಬುದೇ ಮಗನಿಗೆ ಉಳಿದ ಸಮಾಧಾನ. ಯಾರೂ ಅವರನ್ನು ಆಕ್ಷೇಪಿಸಲಿಲ್ಲ. ಫ್ಲಾಶಿನ ಬೆಳಕು ಅಷ್ಟು ಸಾಮಾನ್ಯವಾಗಿಬಿಟ್ಟಿತ್ತು. ಅವರೇ ಹೋಗಿ ಗುರುಗಳಲ್ಲಿ ಆಲೋಚನೆ ಮಾಡಿಕೊಂಡು ಪ್ರಾಯಶ್ಚಿತ್ತವಾಗಿ ಉಪವಾಸಗಳನ್ನು ಪಡೆದರು. ಹಸುವಿನ ಮೂಳೆಯ ಕಡೆಗೆ ಎರಡು ವರ್ಷ ನೋಡುತ್ತಿದ್ದವರಿಗೆ ಎದುರಿಗಿದ್ದ ಜೀವದ ಏಕಾಗ್ರತೆ ಕಾಣದೆ ಹೋಯಿತೆಂದು ಅವರು ಹೇಳಿಕೊಂಡದ್ದನ್ನು ಕೇಳಿದವರುಂಟು. ಕಿಂಡಿ ಬೇರೆ, ಮಸೂರ ಬೇರೆ.

ಇಲ್ಲಿ ಒಂದು ಮಾತನ್ನು ಬಸದಿಗಳ ಆಡಳಿತ ಮಂಡಳಿಯವರ ಗಮನಕ್ಕೆ ತರುವುದು ಅನುಚಿತವಾಗಲಾರದು. ಕೇಶಲೋಚದ ಸಮಯದಲ್ಲಿ, ಆಹಾರದ ಸಮಯದಲ್ಲಿ, ಸಲ್ಲೇಖನದ ಕೋಣೆಯಲ್ಲಿ ಇಂದು ಮೇಲೆತ್ತಿದ ಮೊಬೈಲುಗಳ ಸಂಖ್ಯೆ ಮುಗಿದ ಕೈಗಳ ಸಂಖ್ಯೆಗಿಂತ ಹೆಚ್ಚಾಗಿರುತ್ತದೆ. ಬಾಗಿಲಲ್ಲಿ ತೊಗಲಿನ ಪಟ್ಟಿಯನ್ನು ಬಿಚ್ಚಿಸುವ ನಾವು ಇದನ್ನೇಕೆ ಕೇಳುವುದಿಲ್ಲವೆಂಬುದು ಅರ್ಥವಾಗದು.

ಮೊಬೈಲಿನಲ್ಲಿ ಜೆಲಟಿನ್ ಲೇಪದ ಸುರುಳಿಯಿಲ್ಲ. ಆ ದೋಷ ಹೋಯಿತು. ಅದರೊಡನೆ ಎಣಿಕೆಯೂ ಹೋಯಿತು. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಆ ಕುಟುಂಬದಿಂದ ಹೋದವರು ಒಂದೇ ಬೆಳಗಿನಲ್ಲಿ ನಾನೂರಕ್ಕೆ ಮೇಲ್ಪಟ್ಟು ಚಿತ್ರ ತೆಗೆದರು. ವರ್ತಕರು ಬರಿಗೈಯಲ್ಲಿ ಹೋಗಿ, ಬೆಟ್ಟದ ಮೇಲೆ ಒಂದು ಗಂಟೆ ನಿಂತು, ಇಳಿದು ಬಂದರು.

ಯಾಷಿಕಾ ಕ್ಯಾಮೆರಾ ಅವರ ಕಪಾಟಿನಲ್ಲಿ, ಹತ್ತಿಯ ಚೀಲದಲ್ಲಿ, ಆ ಸುರುಳಿಯೊಡನೆಯೇ ಇದೆ. ಎಣಿಕೆಯ ಕಿಂಡಿಯಲ್ಲಿ 28 ಎಂದು ಕಾಣುತ್ತದೆ. 2024ರಲ್ಲಿ ಅಕ್ಕನ ಮಗಳ ಮಗಳು, ಬೆಂಗಳೂರಿನಲ್ಲಿ ಓದುತ್ತಿರುವವಳು, ಅದನ್ನು ಕೇಳಿಕೊಂಡು ಬಂದಳು. ತರುಣರಲ್ಲಿ ಈಗ ಸುರುಳಿಯ ಕ್ಯಾಮೆರಾಗಳ ಮೇಲೆ ಮತ್ತೆ ಪ್ರೀತಿ ಹುಟ್ಟಿದೆ; ಕೆಲವೇ ಚಿತ್ರ, ಕಾದು ನೋಡುವ ಸುಖ. ಎಣಿಸಿ ಒತ್ತುವುದರ ಹಿತ ಆಕೆಗೆ ತಾನಾಗಿಯೇ ತಿಳಿದಿರುವುದನ್ನು ಕಂಡು ಮುದುಕರಿಗೆ ಸಂತೋಷವಾಯಿತು. ಆದರೆ ಹಿಂಸೆಗೆ ಸಾಧನವಾದುದನ್ನು ಇನ್ನೊಬ್ಬರಿಗೆ ಕೊಡುವುದೂ ಅನರ್ಥದಂಡದಲ್ಲಿ ಒಂದು ಬಗೆ, ಹಿಂಸಾದಾನ. ಅವರು ಮೂಳೆಯ ಸಂಗತಿಯನ್ನೂ, ಇಪ್ಪತ್ತೆಂಟನೆಯ ಬಿಂಬದ ಸಂಗತಿಯನ್ನೂ ಹೇಳಿ ಖಾತೆ ಪುಸ್ತಕವನ್ನು ಅವಳ ಮುಂದಿಟ್ಟರು.

ಹುಡುಗಿ ಪೂರ್ತಿ ಓದಿದಳು. ಅನಂತರ ಕೇಳಿದ ಪ್ರಶ್ನೆಗೆ ಅವರಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಸುರುಳಿಯನ್ನು ತೊಳೆಸಿದರೆ ತಾವು ತಾಯಿಗೆ ಮಾಡಿದ ಅಪರಾಧವನ್ನೇ ಚಿತ್ರವಾಗಿ ಕಟ್ಟಿಸಿ ಇಟ್ಟುಕೊಂಡಂತೆ. ತಾಯಿ ಬಿಟ್ಟುಹೋದ ಮಮಕಾರವನ್ನು ಮಗ ಹೆಕ್ಕಿಕೊಂಡಂತೆ. ತೊಳೆಸದಿದ್ದರೆ, ಅದಕ್ಕಾಗಿ ಮೂಳೆ ಕೊಟ್ಟ ಪ್ರಾಣಿಯ ಹಿಂಸೆ ಪ್ರಯೋಜನವಿಲ್ಲದ್ದಾಯಿತಲ್ಲವೆ ಎಂಬುದು ಅವಳ ಪ್ರಶ್ನೆ. ಅದರಲ್ಲಿ ಬಸದಿಯ ಮಾನಸ್ತಂಭದ ಬಿರುಕಿನ ಮೂರು ಚಿತ್ರಗಳೂ ಇದ್ದವೆಂದು ಪುಸ್ತಕ ಹೇಳುತ್ತದೆ. ಬೆಳಕು ತಾಗಿದ ಸುರುಳಿ ತೊಳೆಯದೆ ಇಪ್ಪತ್ತೈದು ವರ್ಷ ಬಿದ್ದಿದ್ದರೆ ಬಿಂಬಗಳು ಬಹುಮಟ್ಟಿಗೆ ಮಾಸಿರುತ್ತವೆ. ಇನ್ನೂ ತಡಮಾಡಿದರೆ ಪ್ರಶ್ನೆಯೇ ಉಳಿಯುವುದಿಲ್ಲ. ಅದಕ್ಕಾಗಿಯೇ ತಾವು ಕಾಯುತ್ತಿರುವಿರೇ ಎಂದು ಅವಳು ಕೇಳಲಿಲ್ಲ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಹಿಂದಕ್ಕೆ ಕೊಟ್ಟಳು.

ಆ ವರ್ಷದ ದೀಪಾವಳಿಯಂದು ಹೊಸ ಪುಸ್ತಕದ ಭಾಂಡದ ಪುಟದಲ್ಲಿ ಎಂದಿನಂತೆ ಬರೆಯಲಾಯಿತು: ‘ಕ್ಯಾಮೆರಾ ಒಂದು. ಹಿಂದಿನ ಬಾಕಿ, ಸುರುಳಿ ಒಂದು, ಬಿಂಬ 28.’